ಯಂತ್ರಕ್ಕೆ ಮರೆವು ಬಂದಾಗ: ಮಿನಿ ಪಿಸಿಯ ಫರ್ಮ್‌ವೇರ್ ದೋಷ ಪತ್ತೆ ಮತ್ತು ನಿವಾರಣೆ

ರಾತ್ರಿ ಮಲಗುವವರೆಗೂ ಚೆನ್ನಾಗಿ ಓಡಿದ ಮಿನಿ ಪಿಸಿ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು ತೋರಿಸಿ ನಿಲ್ಲುತ್ತದೆ: ಬೂಟ್ ಆಗಲು ಯಾವ ಡಿಸ್ಕೂ ಸಿಗಲಿಲ್ಲ. ಇದನ್ನು ಕಂಡೊಡನೆ ಹೆಚ್ಚಿನವರು ಡಿಸ್ಕ್ ಕೈಕೊಟ್ಟಿತು ಎಂದುಕೊಳ್ಳುತ್ತಾರೆ. ನಾನೂ ಒಮ್ಮೆ ಹಾಗೆಯೇ ಎಂದುಕೊಂಡು, ಲಿನಕ್ಸ್ ಇದ್ದ ನನ್ನ ಯಂತ್ರದ ಎಸ್‌ಎಸ್‌ಡಿಯನ್ನು ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದೆ. ಒಂದು ಕಡತವೂ ಕಳೆದಿರಲಿಲ್ಲ. ಆ ಡಿಸ್ಕನ್ನು ಯಾವ ಬಗೆಯಲ್ಲಿ ತೆರೆಯಬೇಕು ಎಂಬುದನ್ನು ಮದರ್‌ಬೋರ್ಡ್ ಮರೆತುಬಿಟ್ಟಿತ್ತು, ಅಷ್ಟೆ. ಮರೆವಿಗೆ ಕಾರಣ ನಾಣ್ಯದ ಗಾತ್ರದ ಒಂದು ಬ್ಯಾಟರಿ.

ಅಲ್ಲಿಂದ ಮುಂದೆ ಇಂಥ ಯಂತ್ರ ಎದುರಿಗೆ ಬಂದಾಗಲೆಲ್ಲ ನಾನು ಡಿಸ್ಕಿಗೆ ಕೈ ಹಾಕುವ ಮೊದಲು ಫರ್ಮ್‌ವೇರಿನಲ್ಲಿ, ಅಂದರೆ ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಎಬ್ಬಿಸುವ ತಂತ್ರಾಂಶದಲ್ಲಿ, ಕಾಣುವ ಗಡಿಯಾರವನ್ನು ನೋಡುತ್ತೇನೆ; ಅದನ್ನು ಓಡಿಸುವುದು ಆ ಬ್ಯಾಟರಿಯೇ. ಮುಂದಿನ ಹಂತಗಳನ್ನೂ ಆ ಕ್ರಮದಲ್ಲಿಯೇ ಹೇಳುತ್ತಿದ್ದೇನೆ.

ಒಳಗೆ ಹೋಗುವ ದಾರಿ

ಯಂತ್ರ ಆನ್ ಆಗುತ್ತಿರುವಾಗ ಒಂದು ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಿದ್ದರೆ ಫರ್ಮ್‌ವೇರಿನ ಸೆಟ್ಟಿಂಗ್‌ಗಳಿರುವ ಸೆಟಪ್ ಪುಟ ತೆರೆಯುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅದು ಎಫ್2 ಅಥವಾ ಡಿಲೀಟ್. ಕೆಲವು ತಯಾರಕರಲ್ಲಿ ಎಫ್1, ಎಫ್10 ಅಥವಾ ಎಸ್ಕೇಪ್. ಇಂಟೆಲ್ ನುಕ್ ಮಾದರಿಗಳಲ್ಲಿ ಎಫ್2 ಸೆಟಪ್‌ಗೆ, ಎಫ್10 ಬೂಟ್ ಮೆನುವಿಗೆ.

ಕೀ ಒತ್ತಿದರೂ ಏನೂ ಆಗದಿದ್ದರೆ ಮೊದಲು ಬ್ಲೂಟೂತ್ ಕೀಬೋರ್ಡನ್ನು ಪಕ್ಕಕ್ಕಿಟ್ಟು ತಂತಿಯ ಕೀಬೋರ್ಡ್ ಚುಚ್ಚಿ. ಫಾಸ್ಟ್ ಬೂಟ್ ಆನ್ ಆಗಿದ್ದರೆ ಯುಎಸ್‌ಬಿ ಸಾಧನಗಳು ಎಚ್ಚರಗೊಳ್ಳುವ ಮೊದಲೇ ಯಂತ್ರ ಮುಂದೆ ಸಾಗಿರುತ್ತದೆ, ಆದ್ದರಿಂದ ತಂತಿಯ ಕೀಬೋರ್ಡ್ ಕೂಡ ಕೆಲಸಕ್ಕೆ ಬಾರದೇ ಹೋಗಬಹುದು. ವಿಂಡೋಸ್ ತೆರೆಯುತ್ತಿದ್ದರೆ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪುಟದಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ (ಯುಇಎಫ್‌ಐ ಎಂದರೆ ಇಂದಿನ ಬಗೆಯ ಫರ್ಮ್‌ವೇರ್). ವಿಂಡೋಸ್ ಕೂಡ ತೆರೆಯುತ್ತಿಲ್ಲ, ಕೀಯೂ ಹಿಡಿಯುತ್ತಿಲ್ಲ ಎಂದಾದರೆ ನನಗೆ ಕೈಹಿಡಿದ ಉಪಾಯವೊಂದಿದೆ: ಯಂತ್ರ ಆಫ್ ಮಾಡಿ, ಅಡಾಪ್ಟರ್ ತೆಗೆದು, ಎಸ್‌ಎಸ್‌ಡಿಯನ್ನು ಕಳಚಿ ಮತ್ತೆ ಆನ್ ಮಾಡುವುದು. ಬೂಟ್ ಆಗಲು ಏನೂ ಇಲ್ಲವೆಂದು ತಿಳಿದ ಬಹಳಷ್ಟು ಬೋರ್ಡುಗಳು ತಾವಾಗಿಯೇ ಸೆಟಪ್ ಪುಟಕ್ಕೆ ಬಂದು ನಿಲ್ಲುತ್ತವೆ.

ಒಳಗೆ ಹೋದ ಮೇಲೆ ಯಾವುದನ್ನೂ ಬದಲಿಸಬೇಡಿ. ಮೊಬೈಲ್ ತೆಗೆದು ಪ್ರತಿ ಪುಟದ, ಪ್ರತಿ ಉಪಪುಟದ ಚಿತ್ರ ತೆಗೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ನಾಳೆ ಗಂಟೆಗಟ್ಟಲೆ ಉಳಿಸುತ್ತದೆ. ಅದೇ ಚಿತ್ರಗಳು ಯಂತ್ರ ಚೆನ್ನಾಗಿದ್ದಾಗಲೇ ತೆಗೆದವಾಗಿದ್ದರೆ ದೋಷ ಹುಡುಕುವ ಅರ್ಧ ಕೆಲಸ ಮುಗಿದಂತೆ. ಇವತ್ತು ನಿಮ್ಮ ಯಂತ್ರ ಸರಿಯಾಗಿದ್ದರೆ ಇವತ್ತೇ ತೆಗೆದಿಡಿ ಎಂದು ಕೇಳಿಕೊಳ್ಳುತ್ತೇನೆ.

ವಿಂಡೋಸ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಸೆಕ್ಯೂರ್ ಬೂಟ್ (ಒಪ್ಪಿತ ಸಹಿ ಇರುವ ಬೂಟ್ ಕಡತಗಳನ್ನು ಮಾತ್ರ ಬಿಡುವ ಕಾವಲು), ಟಿಪಿಎಂ (ಬೀಗದ ಕೀಯನ್ನು ಕಾಯುವ ಚಿಪ್) ಅಥವಾ ಬೂಟ್ ಮೋಡ್ ಬದಲಾದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಎಲ್ಲಿದೆ ಎಂದು ಗೊತ್ತಿಲ್ಲದೆ ಈ ಮೂರರಲ್ಲಿ ಯಾವುದನ್ನೂ ಮುಟ್ಟಬೇಡಿ. ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ನಂತರ ಸೆಟಪ್‌ಗೆ ಬನ್ನಿ. ಕೀ ಇಲ್ಲದಿದ್ದರೆ ಮದರ್‌ಬೋರ್ಡ್ ಸರಿಹೋದರೂ ಕಡತಗಳು ಸಿಗುವುದಿಲ್ಲ, ಅಲ್ಲಿಗೆ ನನ್ನ ಬಳಿಯಾಗಲಿ ಯಾರ ಬಳಿಯಾಗಲಿ ಮದ್ದಿಲ್ಲ.

ಗಡಿಯಾರ ಏನು ಹೇಳುತ್ತಿದೆ

ಸೆಟಪ್‌ನ ಮೊದಲ ಪುಟದಲ್ಲಿ ದಿನಾಂಕ, ಸಮಯ ಇರುತ್ತವೆ. ವರ್ಷವೇ ಹಿಂದಕ್ಕೆ ಹೋಗಿದ್ದರೆ, ಅಂದರೆ ಯಾವುದೋ ಹಳೆಯ ವರ್ಷದ ಜನವರಿ 1 ಅಥವಾ ಆ ಫರ್ಮ್‌ವೇರ್ ತಯಾರಾದ ದಿನ ಕಾಣುತ್ತಿದ್ದರೆ, ಬ್ಯಾಟರಿ ಸತ್ತಿದೆ ಎಂದೇ ತಿಳಿಯಿರಿ. ನನ್ನ ಯಂತ್ರ 2019ರ ಜನವರಿ 1 ಎನ್ನುತ್ತಿತ್ತು.

ಗಡಿಯಾರ ಕೆಲವು ಗಂಟೆ ಮಾತ್ರ ತಪ್ಪಾಗಿದ್ದು, ಆ ಅಂತರ ನಿಮ್ಮ ಕಾಲವಲಯಕ್ಕೂ ಗ್ರೀನಿಚ್ ಸಮಯಕ್ಕೂ ಇರುವ ವ್ಯತ್ಯಾಸದಷ್ಟೇ ಆಗಿದ್ದರೆ ಅದು ದೋಷವೇ ಅಲ್ಲ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯಕ್ಕೆ ಇಡುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡವರು ಇದನ್ನು ಬ್ಯಾಟರಿಯ ತಪ್ಪೆಂದು ತಿಳಿದು ಹೊಸದನ್ನು ಹಾಕಿದ್ದಾರೆ. ವ್ಯತ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಒಂದೆರಡು ನಿಮಿಷ ಹಿಂದೆ ಮುಂದೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಗಡಿಯಾರ ಸರಿಯಾಗಿದ್ದರೆ? ಆಗಲೂ ಬ್ಯಾಟರಿಗೆ ಪೂರ್ಣ ಅಂಕ ಕೊಡುವಂತಿಲ್ಲ. ಅಡಾಪ್ಟರ್ ಚುಚ್ಚಿಯೇ ಇದ್ದರೆ, ಯಂತ್ರ ಆಫ್ ಆಗಿದ್ದರೂ ಗಡಿಯಾರಕ್ಕೆ ಗೋಡೆಯ ವಿದ್ಯುತ್ತೇ ಸಿಗುತ್ತಿರುತ್ತದೆ. ಬ್ಯಾಟರಿ ಕೆಲಸಕ್ಕೆ ಇಳಿಯುವುದು ಗೋಡೆಯ ಸ್ವಿಚ್ ಆಫ್ ಆದಾಗ ಅಥವಾ ಅಡಾಪ್ಟರ್ ಕಿತ್ತಾಗ ಮಾತ್ರ. ಆದ್ದರಿಂದಲೇ ವರ್ಷಗಟ್ಟಲೆ ಚುಚ್ಚಿಟ್ಟಿದ್ದ ಯಂತ್ರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದ ದಿನವೇ ಅದು ಕೆಟ್ಟಂತೆ ಕಾಣುತ್ತದೆ. ಸಾಗಿಸುವಾಗ ಏನೋ ಅಲುಗಾಡಿತು ಎಂದು ಎಲ್ಲರೂ ಕೇಬಲ್ ಹುಡುಕುತ್ತಾರೆ. ಬ್ಯಾಟರಿ ಎಂದೋ ಸತ್ತಿತ್ತು, ಅದು ಬಯಲಾದದ್ದು ಅಂದು. ಪರೀಕ್ಷೆ ಸುಲಭ: ಅಡಾಪ್ಟರ್ ಕಿತ್ತು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ನೇರವಾಗಿ ಸೆಟಪ್‌ಗೆ ಹೋಗಿ ಸಮಯ ನೋಡಿ. ಡೆಸ್ಕ್‌ಟಾಪ್ ಮೂಲೆಯ ಗಡಿಯಾರವನ್ನು ನಂಬಬೇಡಿ, ಅಂತರ್ಜಾಲ ಅದನ್ನು ತಿದ್ದಿಬಿಟ್ಟಿರುತ್ತದೆ. ಅಂತರ್ಜಾಲ ತಿದ್ದುವ ಮೊದಲು ಬ್ರೌಸರ್ ತೆರೆದರೆ ಎಲ್ಲ ತಾಣಗಳೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುವುದುಂಟು; ತಾಣಗಳ ಪ್ರಮಾಣಪತ್ರಗಳು ಇನ್ನೂ ಹುಟ್ಟದ ಕಾಲದಲ್ಲಿ ಯಂತ್ರ ನಿಂತಿರುತ್ತದೆ. ಆ ಎಚ್ಚರಿಕೆಯೂ ಬ್ಯಾಟರಿಯ ಕಡೆಗೇ ಬೆರಳು ತೋರಿಸುತ್ತದೆ.

ಗಡಿಯಾರಕ್ಕೂ ಸೆಟ್ಟಿಂಗ್‌ಗಳಿಗೂ ಈ ನಂಟು ಹಳೆಯದು. 1984ರಲ್ಲಿ ಐಬಿಎಂ ತಂದ ಪಿಸಿ ಎಟಿ ಯಂತ್ರದಲ್ಲಿ ಗಡಿಯಾರದ ಚಿಪ್ಪಿನೊಳಗೆ 64 ಬೈಟ್‌ಗಳ ಸ್ಮೃತಿ ಇತ್ತು. 14 ಬೈಟ್ ಗಡಿಯಾರಕ್ಕೇ ಬೇಕಿತ್ತು; ಉಳಿದ 50ರಲ್ಲಿ ಯಂತ್ರದ ಸಕಲ ಸೆಟ್ಟಿಂಗ್‌ಗಳೂ ಇರುತ್ತಿದ್ದವು. ಬ್ಯಾಟರಿ ಹೋದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು. ಇಂದಿನ ಯುಇಎಫ್‌ಐ ಯಂತ್ರಗಳು ಹೆಚ್ಚಿನ ಸೆಟ್ಟಿಂಗ್‌ಗಳನ್ನು ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದಿಡುತ್ತವೆ, ಅದಕ್ಕೆ ಬ್ಯಾಟರಿ ಬೇಕಿಲ್ಲ. ಹಾಗಿದ್ದರೂ ಗಡಿಯಾರಕ್ಕೆ ವಿದ್ಯುತ್ ತಪ್ಪಿದ್ದನ್ನು ಕಂಡೊಡನೆ ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಬೋರ್ಡುಗಳಿವೆ, ಮರಳಿಸದ ಬೋರ್ಡುಗಳೂ ಇವೆ. ಬ್ಯಾಟರಿ ತೆಗೆದರೂ ಸೆಟಪ್ ಪಾಸ್‌ವರ್ಡ್ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ.

ಡಿಸ್ಕ್ ಇದೆ, ಬೂಟ್ ಆಗುವುದಿಲ್ಲ

ಈಗ ಸೆಟಪ್‌ನ ಸ್ಟೋರೇಜ್ ಪುಟಕ್ಕೆ ಹೋಗಿ. ಎಸ್‌ಎಸ್‌ಡಿಯ ಹೆಸರು, ಗಾತ್ರ ಅಲ್ಲಿ ಕಾಣುತ್ತಿದ್ದರೆ ಡಿಸ್ಕ್ ಬದುಕಿದೆ. ಕಾಣದಿದ್ದರೆ ಮಾತ್ರ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ: ಒಮ್ಮೆ ಕಳಚಿ ಮತ್ತೆ ಕೂರಿಸಿ, ಕೊನೆಯ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಹೊಸದಾಗಿ ಹಾಕಿದ ಎಸ್‌ಎಸ್‌ಡಿ ಕಾಣುತ್ತಿಲ್ಲವಾದರೆ ಅದು ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ಎಂದು ಪರೀಕ್ಷಿಸಿ. ಎಂ.2 ಸ್ಲಾಟಿನಲ್ಲಿ ಎರಡೂ ಕೂರಬಹುದು, ಆದರೆ ಬೋರ್ಡು ಒಂದನ್ನು ಮಾತ್ರ ಓದುವಂಥದ್ದಾಗಿರಬಹುದು.

ಹೆಸರು ಕಾಣುತ್ತಿದೆ, ಬೂಟ್ ಮಾತ್ರ ಆಗುವುದಿಲ್ಲ ಎಂದಾದರೆ ಸ್ಟೋರೇಜ್ ಮೋಡ್, ಅಂದರೆ ಬೋರ್ಡು ಡಿಸ್ಕಿನೊಡನೆ ವ್ಯವಹರಿಸುವ ಬಗೆ, ನೋಡಿ. ಎಎಚ್‌ಸಿಐ ಎಂದು ಒಂದು ಆಯ್ಕೆ, ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಅಥವಾ ವಿಎಂಡಿ ಎಂದು ಇನ್ನೊಂದು. ವಿಂಡೋಸ್ ಯಾವ ಮೋಡ್‌ನಲ್ಲಿ ಇನ್‌ಸ್ಟಾಲ್ ಆಗಿದೆಯೋ ಆ ಮೋಡ್‌ನ ಡ್ರೈವರನ್ನು ಮಾತ್ರ ಬೂಟ್ ಹೊತ್ತಿಗೆ ಸಿದ್ಧ ಇಟ್ಟುಕೊಂಡಿರುತ್ತದೆ. ಮೋಡ್ ಬದಲಾದರೆ ಲೋಗೋ ಬಂದು, ಚುಕ್ಕಿಗಳು ಒಂದೆರಡು ಸುತ್ತು ತಿರುಗಿ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬರುತ್ತದೆ. ಈ ಸಂದೇಶ ಓದಿ ವಿಂಡೋಸ್ ಹಾಳಾಯಿತೆಂದು ಫಾರ್ಮ್ಯಾಟ್ ಮಾಡಿದವರ ಬಗ್ಗೆ ನನಗೆ ನಿಜವಾಗಿಯೂ ನೋವಿದೆ. ಮೋಡನ್ನು ಮೊದಲಿದ್ದಂತೆ ಇಟ್ಟಿದ್ದರೆ ಸಾಕಿತ್ತು. ಬೇಕೆಂದೇ ಮೋಡ್ ಬದಲಿಸಬೇಕಾದವರು ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡುವಾಗ ಸೆಟಪ್‌ನಲ್ಲಿ ಮೋಡ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ಗೆ ಹೋಗಿ ಬಂದು ಗುರುತು ತೆಗೆಯಬೇಕು. ಆ ಒಂದು ಸುತ್ತಿನಲ್ಲಿ ವಿಂಡೋಸ್ ಹೊಸ ಡ್ರೈವರನ್ನು ಹೊಂದಿಸಿಕೊಳ್ಳುತ್ತದೆ.

ಲಿನಕ್ಸ್‌ನಲ್ಲಿ ತೊಂದರೆಯ ಮುಖ ಬೇರೆ. ಆರ್‌ಎಸ್‌ಟಿ ಆನ್ ಆಗಿರುವ ಎಷ್ಟೋ ಯಂತ್ರಗಳಲ್ಲಿ ಎನ್‌ವಿಎಂಇ ಡಿಸ್ಕ್ ಲಿನಕ್ಸ್‌ಗೆ ಕಾಣಿಸುವುದೇ ಇಲ್ಲ. ನನ್ನ ಯಂತ್ರದಲ್ಲಿ ಆಗಿದ್ದು ಇದೇ. ಇನ್‌ಸ್ಟಾಲ್ ಮಾಡುವ ದಿನ ನಾನೇ ಎಎಚ್‌ಸಿಐಗೆ ಬದಲಿಸಿದ್ದೆ, ಬದಲಿಸಿದ್ದನ್ನು ಮರೆತಿದ್ದೆ. ಬ್ಯಾಟರಿ ಸತ್ತಾಗ ಬೋರ್ಡ್ ತನ್ನ ಹುಟ್ಟು ಸೆಟ್ಟಿಂಗ್ ಆದ ಆರ್‌ಎಸ್‌ಟಿಗೆ ಮರಳಿತ್ತು.

ಮೋಡ್ ಸರಿಯಾಗಿದ್ದರೆ ಮುಂದಿನ ಅನುಮಾನ ಬೂಟ್ ವಿಧಾನದ ಮೇಲೆ. ಹಳೆಯ ಬಯೋಸ್ ವಿಧಾನಕ್ಕೆ ಸೆಟಪ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಎಂಬ ಹೆಸರು. ಅದು ಎಂಬಿಆರ್ ಡಿಸ್ಕನ್ನು ಹುಡುಕುತ್ತದೆ (ಎಂಬಿಆರ್, ಜಿಪಿಟಿ ಎಂಬುವು ಡಿಸ್ಕಿನ ವಿಭಾಗಗಳ ಪಟ್ಟಿ ಬರೆಯುವ ಹಳೆಯ ಮತ್ತು ಹೊಸ ಕ್ರಮಗಳು). ಯುಇಎಫ್‌ಐ ವಿಧಾನವು ಜಿಪಿಟಿ ಡಿಸ್ಕಿನಲ್ಲಿರುವ ಒಂದು ಸಣ್ಣ ಫ್ಯಾಟ್32 ವಿಭಾಗವನ್ನು ಹುಡುಕುತ್ತದೆ. ಹಳೆಯ ಡಿಸ್ಕನ್ನು ಹೊಸ ಮಿನಿ ಪಿಸಿಗೆ ಹಾಕಿದಾಗ ಬೂಟ್ ಆಗದಿರಲು ಸಾಮಾನ್ಯ ಕಾರಣ ಇದೇ, ಏಕೆಂದರೆ ಹೊಸ ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಆಯ್ಕೆಯೇ ಇಲ್ಲದಿರಬಹುದು. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್‌ಟುಜಿಪಿಟಿ ಎಂಬ ಸಾಧನ ಜೊತೆಗೇ ಬರುತ್ತದೆ, ಕಡತಗಳನ್ನು ಅಳಿಸದೆ ಡಿಸ್ಕನ್ನು ಪರಿವರ್ತಿಸುತ್ತದೆ. ಅದಕ್ಕೂ ಮುನ್ನ ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದು ಕಡ್ಡಾಯ ಎಂದೇ ಭಾವಿಸಿ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಯುಇಎಫ್‌ಐ ಯಂತ್ರ ಯಾವ ಡಿಸ್ಕಿನ ಯಾವ ಕಡತದಿಂದ ಶುರುಮಾಡಬೇಕು ಎಂಬ ಪಟ್ಟಿಯನ್ನು ತನ್ನ ಫ್ಲ್ಯಾಶ್ ಸ್ಮೃತಿಯಲ್ಲಿ ಬರೆದಿಟ್ಟಿರುತ್ತದೆ. ಆ ಪಟ್ಟಿ ಅಳಿದರೆ ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಎಂಬ ಗೊತ್ತುಪಡಿಸಿದ ಹೆಸರಿನ ಕಡತವೊಂದಿದೆಯೇ ಎಂದು ಮಾತ್ರ ನೋಡುತ್ತದೆ. ವಿಂಡೋಸ್ ಸಾಮಾನ್ಯವಾಗಿ ಆ ಹೆಸರಿನಲ್ಲೂ ಒಂದು ಪ್ರತಿ ಇಟ್ಟಿರುತ್ತದೆ. ಲಿನಕ್ಸ್‌ನ ಬೇರೆ ಬೇರೆ ರೂಪಗಳಲ್ಲಿ (ಡಿಸ್ಟ್ರೋಗಳಲ್ಲಿ) ಕೆಲವು ಇಡುವುದಿಲ್ಲ, ಆಗ ಡಿಸ್ಕ್ ಸರಿಯಿದ್ದು, ಮೋಡ್ ಸರಿಯಿದ್ದು, ಬೂಟ್ ಪಟ್ಟಿ ಮಾತ್ರ ಖಾಲಿ. ಸೆಟಪ್‌ನಲ್ಲಿ ಆಡ್ ಬೂಟ್ ಆಪ್ಷನ್ ಇದ್ದರೆ ಅಲ್ಲಿಯೇ ಕಡತವನ್ನು ತೋರಿಸಿ ಪಟ್ಟಿಗೆ ಸೇರಿಸಬಹುದು. ಇಲ್ಲದಿದ್ದರೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ ಲಿನಕ್ಸ್‌ನ ಇಎಫ್‌ಐಬೂಟ್‌ಎಂಜಿಆರ್ ಸಾಧನದಿಂದ ಸೇರಿಸಬೇಕು.

ಸೆಕ್ಯೂರ್ ಬೂಟ್ ಕೊನೆಯದು. ಇಲ್ಲಿ ಬರುವ ಸಂದೇಶ ಸ್ಪಷ್ಟ: ಸಹಿ ಸರಿಯಿಲ್ಲ, ಅಥವಾ ಸೆಕ್ಯೂರ್ ಬೂಟ್ ಉಲ್ಲಂಘನೆ. ಆದರೆ ಈ ಪುಟದಲ್ಲಿರುವ ಕೀಗಳನ್ನು, ಅಂದರೆ ಸಹಿ ಪರೀಕ್ಷಿಸಲು ಬಳಸುವ ಪ್ರಮಾಣಪತ್ರಗಳನ್ನು, ಕಾರ್ಖಾನೆ ಸ್ಥಿತಿಗೆ ತರುವ ಗುಂಡಿಯನ್ನು ಈಗ ಯೋಚಿಸದೆ ಒತ್ತಬಾರದು. ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುವುದರಿಂದ, ವಿಂಡೋಸ್ ಅಪ್‌ಡೇಟ್‌ಗಳು 2023ರ ಹೊಸ ಪ್ರಮಾಣಪತ್ರಗಳನ್ನು ಯಂತ್ರಗಳೊಳಗೆ ಸೇರಿಸುತ್ತಾ ಬಂದಿವೆ. ಹಳೆಯ ಫರ್ಮ್‌ವೇರ್ ಇರುವ ಯಂತ್ರದಲ್ಲಿ ಆ ಗುಂಡಿ ಒತ್ತಿದರೆ 2023ರದು ಅಳಿದು 2011ರದು ಮಾತ್ರ ಉಳಿಯುತ್ತದೆ; ಬೂಟ್ ಕಡತ ಹೊಸ ಸಹಿಯದಾಗಿದ್ದರೆ ಅದನ್ನು ಯಂತ್ರ ಒಳಗೆ ಬಿಡುವುದಿಲ್ಲ.

ಪರದೆಯೇ ಬೆಳಗದಿದ್ದರೆ

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಕಪ್ಪು. ಡಿಡಿಆರ್5 ಮೆಮೊರಿ ಇರುವ ಯಂತ್ರವಾಗಿದ್ದರೆ ಮೊದಲ ಮದ್ದು ಕಾಯುವುದು. ಹೊಸ ಮೆಮೊರಿ ಹಾಕಿದಾಗ, ಸೆಟ್ಟಿಂಗ್‌ಗಳು ಅಳಿದಾಗ, ಬೋರ್ಡು ಮೆಮೊರಿಯೊಂದಿಗೆ ವೇಗವನ್ನು ಹೊಂದಿಸಿಕೊಳ್ಳುವ ಕೆಲಸಕ್ಕೆ ಇಳಿಯುತ್ತದೆ. ಅದಕ್ಕೆ ಕೆಲವು ನಿಮಿಷ ಬೇಕಾಗಬಹುದು, ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಬರುವುದಿಲ್ಲ. ಎರಡು ನಿಮಿಷಕ್ಕೇ ತಾಳ್ಮೆಗೆಟ್ಟು ಗುಂಡಿ ಒತ್ತಿಹಿಡಿದು ಆಫ್ ಮಾಡಿದರೆ ಕೆಲಸ ಮತ್ತೆ ಮೊದಲಿನಿಂದ. ಯಂತ್ರವನ್ನು ಹತ್ತು ನಿಮಿಷ ಅದರ ಪಾಡಿಗೆ ಬಿಡಿ.

ಕಾದರೂ ಬರದಿದ್ದರೆ ಮಾನಿಟರನ್ನು ಮೊದಲು ಆನ್ ಮಾಡಿ, ನಂತರ ಯಂತ್ರವನ್ನು. ಪರಿವರ್ತಕ ತುಂಡುಗಳನ್ನು ತೆಗೆದು ನೇರ ಎಚ್‌ಡಿಎಂಐ ಕೇಬಲ್ ಹಾಕಿ, ಬೇರೆ ಪೋರ್ಟ್ ಪ್ರಯತ್ನಿಸಿ. ಎರಡು ಮೆಮೊರಿ ಪಟ್ಟಿಗಳಿದ್ದರೆ ಒಂದನ್ನು ಮಾತ್ರ ಇಟ್ಟು ನೋಡಿ. ಹಳೆಯ ಮಿನಿ ಪಿಸಿಗಳಲ್ಲಿ ಕೆಲವು 1.35 ವೋಲ್ಟಿನ ಡಿಡಿಆರ್3ಎಲ್ ಮೆಮೊರಿಯನ್ನು ಮಾತ್ರ ಒಪ್ಪುತ್ತವೆ, 1.5 ವೋಲ್ಟಿನ ಸಾಮಾನ್ಯ ಡಿಡಿಆರ್3 ಅದೇ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ.

ವಿದ್ಯುತ್ ಹೋಗಿ ಬಂದ ಮೇಲೆ

ಮಿನಿ ಪಿಸಿಯನ್ನು ಸರ್ವರಿನಂತೆ ಮೂಲೆಯಲ್ಲಿ ಓಡಿಸುವವರಿಗೆ ಕಾಡುವ ದೂರು ಇದು: ವಿದ್ಯುತ್ ಬಂದರೂ ಯಂತ್ರ ತಾನಾಗಿ ಆನ್ ಆಗುತ್ತಿಲ್ಲ. ಪವರ್ ಪುಟದಲ್ಲಿ ಆಫ್ಟರ್ ಪವರ್ ಫೇಲ್ಯೂರ್ ಅಥವಾ ರಿಸ್ಟೋರ್ ಎಸಿ ಪವರ್ ಲಾಸ್ ಎಂಬ ಸಾಲಿರುತ್ತದೆ. ಆಫ್ ಆಗಿಯೇ ಇರುವುದು, ಆನ್ ಆಗುವುದು, ಹಿಂದಿನ ಸ್ಥಿತಿಗೆ ಮರಳುವುದು ಎಂದು ಮೂರು ಆಯ್ಕೆ. ಸೆಟ್ಟಿಂಗ್‌ಗಳು ಅಳಿದಾಗ ಇದು ಸಾಮಾನ್ಯವಾಗಿ ಆಫ್‌ಗೆ ಹೋಗಿರುತ್ತದೆ.

ದೂರದಿಂದ ಎಬ್ಬಿಸುವ ವೇಕ್ ಆನ್ ಲ್ಯಾನ್ ನಿಂತಿದ್ದರೆ ನೆಟ್‌ವರ್ಕ್ ಪೋರ್ಟಿನ ದೀಪವನ್ನು ನೋಡಿ. ಯಂತ್ರವನ್ನು ಶಟ್‌ಡೌನ್ ಮಾಡಿ, ಅಡಾಪ್ಟರ್ ಚುಚ್ಚಿರಲಿ, ಕೇಬಲ್ ಇರಲಿ. ಬಗ್ಗಿ ಹಿಂಬದಿ ನೋಡಿ. ದೀಪ ಉರಿಯುತ್ತಿದ್ದರೆ ನೆಟ್‌ವರ್ಕ್ ಚಿಪ್ ಎಚ್ಚರವಾಗಿದೆ, ತೊಂದರೆ ಬೇರೆಲ್ಲೋ ಇದೆ. ದೀಪ ಸತ್ತಿದ್ದರೆ ಸೆಟಪ್‌ನಲ್ಲಿ ಇಆರ್‌ಪಿ ಅಥವಾ ಡೀಪ್ ಸ್ಲೀಪ್ ಆನ್ ಆಗಿರುವ ಸಾಧ್ಯತೆಯೇ ಹೆಚ್ಚು. ಯುರೋಪಿನ ನಿಯಮದಂತೆ ಆಫ್ ಆದ ಯಂತ್ರ ಅರ್ಧ ವ್ಯಾಟ್‌ಗಿಂತ ಹೆಚ್ಚು ಎಳೆಯಬಾರದೆಂದು ಇಟ್ಟಿರುವ ಆಯ್ಕೆ ಅದು. ಅದನ್ನು ಆಫ್ ಮಾಡಿದರೆ ದೀಪ ಮರಳುತ್ತದೆ.

ಫರ್ಮ್‌ವೇರ್ ಅಪ್‌ಡೇಟ್ ಯಾವಾಗ

ದೋಷ ಗೊತ್ತಾಗದಿದ್ದಾಗ ಅಪ್‌ಡೇಟ್ ಮಾಡಿ ನೋಡೋಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತಯಾರಕರ ಟಿಪ್ಪಣಿಯಲ್ಲಿ ನಿಮ್ಮದೇ ತೊಂದರೆಯ ಉಲ್ಲೇಖವಿದ್ದರೆ, ಅಥವಾ ಭದ್ರತೆಯ ಕಾರಣವಿದ್ದರೆ ಮಾಡಿ. ಮಾದರಿ ಸಂಖ್ಯೆ ಅಕ್ಷರ ಅಕ್ಷರ ಹೊಂದಬೇಕು. ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ವಿದ್ಯುತ್ ಹೋಗದಂತೆ ಯುಪಿಎಸ್‌ಗೆ ಜೋಡಿಸಿ. ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್‌ಗಳು ಮತ್ತೆ ಕಾರ್ಖಾನೆ ಸ್ಥಿತಿಗೆ ಹೋಗಿರಬಹುದು, ಮೊಬೈಲಿನ ಚಿತ್ರಗಳನ್ನು ಹತ್ತಿರವೇ ಇಟ್ಟುಕೊಳ್ಳಿ. ಹಿಂದಿನ ಆವೃತ್ತಿಗೆ ಮರಳಲು ಕೆಲವು ಯಂತ್ರಗಳು ಬಿಡುವುದಿಲ್ಲ.

ಬ್ಯಾಟರಿ ಬದಲಿಸುವುದು

ಹೆಚ್ಚಿನ ಬೋರ್ಡುಗಳಲ್ಲಿ ಸಿಆರ್2032 ಎಂಬ 3 ವೋಲ್ಟಿನ, 20 ಮಿಲಿಮೀಟರ್ ಅಗಲದ ಬಿಲ್ಲೆ ಇರುತ್ತದೆ. ದೊಡ್ಡ ಡೆಸ್ಕ್‌ಟಾಪ್‌ಗಳಲ್ಲಿ ಅದು ಕಣ್ಣೆದುರಿಗೇ ಕುಳಿತಿರುತ್ತದೆ. ಮಿನಿ ಪಿಸಿಯಲ್ಲಿ ಹುಡುಕಬೇಕು: ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ, ಕೆಂಪು ಕಪ್ಪು ತಂತಿಗಳ ಪುಟ್ಟ ಕನೆಕ್ಟರ್ ಸಹಿತ, ಅಂಟುಪಟ್ಟಿಯಿಂದ ಬೋರ್ಡಿನ ಅಂಚಿಗೋ ಫ್ಯಾನಿನ ಪಕ್ಕಕ್ಕೋ ಅಂಟಿಸಿರುತ್ತಾರೆ. ನನ್ನದರಲ್ಲಿ ಎಸ್‌ಎಸ್‌ಡಿಯ ಲೋಹದ ತಟ್ಟೆಯ ಕೆಳಗಿತ್ತು.

ಅಡಾಪ್ಟರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹರಿದುಹೋಗಲು ಬಿಡಿ. ಕನೆಕ್ಟರನ್ನು ತಂತಿ ಹಿಡಿದು ಎಳೆಯಬೇಡಿ. ಸಾಕೆಟ್ಟೇ ಬೋರ್ಡಿನಿಂದ ಕಿತ್ತು ಬರುತ್ತದೆ. ಎರಡು ಉಗುರುಗಳನ್ನು ಅದರ ಎರಡೂ ಪಕ್ಕದ ಕಿವಿಗಳಿಗೆ ಕೊಟ್ಟು, ಇತ್ತ ಕೂದಲೆಳೆಯಷ್ಟು, ಅತ್ತ ಕೂದಲೆಳೆಯಷ್ಟು ಜರುಗಿಸುತ್ತಾ ಹೊರಗೆ ತೆಗೆಯಿರಿ. ಮಲ್ಟಿಮೀಟರ್ ಇದ್ದರೆ ಅಳೆಯಿರಿ: ಹೊಸ ಬ್ಯಾಟರಿ 3ಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ, 2.8ಕ್ಕಿಂತ ಕೆಳಗಿದ್ದರೆ ನಾನು ಬದಲಿಸಿಬಿಡುತ್ತೇನೆ. ಹೊಸದನ್ನು ಹಾಕುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ಕನೆಕ್ಟರಿನಲ್ಲಿ ಕೆಂಪು ಯಾವ ಕಡೆ, ಕಪ್ಪು ಯಾವ ಕಡೆ ಎಂದು ಹೋಲಿಸಿ. ಎಲ್ಲ ತಯಾರಕರೂ ಒಂದೇ ಕ್ರಮ ಇಟ್ಟಿಲ್ಲ, ತಿರುವುಮುರುವಾದರೂ ಸಾಕೆಟ್ಟಿಗೆ ಹೋಗಿ ಕೂರುತ್ತದೆ. ಬರಿಯ ಬಿಲ್ಲೆ ತಂದು ಅದಕ್ಕೆ ತಂತಿ ಬೆಸುಗೆ ಹಾಕಬೇಡಿ, ಕಾವಿಗೆ ಲಿಥಿಯಂ ಕೋಶ ಸಿಡಿಯಬಹುದು. ತೆಗೆದ ಹಳೆಯ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ.

ಹೊಸದನ್ನು ಹಾಕಿ ಸೆಟಪ್‌ಗೆ ಹೋಗಿ, ದಿನಾಂಕ ಸಮಯ ತುಂಬಿ, ಚಿತ್ರಗಳನ್ನು ನೋಡಿಕೊಂಡು ಒಂದೊಂದೇ ಸೆಟ್ಟಿಂಗ್ ಮರಳಿಸಿ. ಒಂದನ್ನು ಬದಲಿಸಿ, ಉಳಿಸಿ, ಬೂಟ್ ಆಗುವುದನ್ನು ನೋಡಿ ಮುಂದಿನದಕ್ಕೆ ಹೋಗಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತೆಂದು ತಿಳಿಯುವುದಿಲ್ಲ. ನಾನು ಅಂದು ಸ್ಟೋರೇಜ್ ಮೋಡನ್ನು ಎಎಚ್‌ಸಿಐಗೆ ತಂದು, ಉಳಿಸಿ ಹೊರಬರಲು ಎಫ್10 ಒತ್ತಿದೆ, ಲಿನಕ್ಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ಆದರೂ ಆ ರಾತ್ರಿ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಟ್ಟೆ. ಬೆಳಿಗ್ಗೆ ಚುಚ್ಚಿ ನೇರವಾಗಿ ಸೆಟಪ್‌ಗೆ ಹೋಗಿ ಗೋಡೆಯ ಗಡಿಯಾರದ ಜೊತೆ ಹೋಲಿಸಿದೆ: ನಿಮಿಷಕ್ಕೆ ನಿಮಿಷ ಸರಿಯಾಗಿತ್ತು, ಎಎಚ್‌ಸಿಐ ಇಟ್ಟಲ್ಲೇ ಇತ್ತು.